ಬೆಳ್ಳಟ್ಟಿ ಎಂಬ ಬಿಳಿ ಡ್ರ್ಯಾಗನ್

ಲಕ್ಷ್ಮೇಶ್ವರದಲ್ಲಿ ನಾನು ಮದುವೆಯ ಆಲ್ಬಮ್ ಮಾಡುತ್ತಿದ್ದೆ. ಫೋಟೋಗ್ರಾಫರುಗಳು ತಂದುಕೊಟ್ಟ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಪುಟ ಕಟ್ಟಿ, ಗದಗಿನ ಕಲರ್ ಲ್ಯಾಬಿಗೆ ಕಳಿಸುವ ಕೆಲಸ. ಒಂದು ಸಲ ಮದುಮಗನ ಅಜ್ಜಿಯ ಅರ್ಧ ಮುಖ ಕತ್ತರಿಸಿ ಕಳಿಸಿಬಿಟ್ಟೆ. ಆಕೆ ಚಿತ್ರದ ಅಂಚಿನಲ್ಲಿ ಕುಳಿತಿದ್ದಳು, ನನಗೆ ಕಂಡೇ ಇರಲಿಲ್ಲ. ಮುಂದಿನ ಆಲ್ಬಮ್ಮಿನಲ್ಲೂ ಹಾಗೆಯೇ ಆಯಿತು. ಸಂಜೆ ಅಂಗಡಿ ಮುಚ್ಚಿ ಮನೆಗೆ ಹೊರಟರೆ ನಿಲ್ಲಿಸಿದ ಸೈಕಲ್ಲುಗಳಿಗೆ ಡಿಕ್ಕಿ ಹೊಡೆಯುತ್ತಿದ್ದೆ. ಕೊನೆಗೆ ಅವ್ವನನ್ನು ಕರೆದುಕೊಂಡು ಹುಬ್ಬಳ್ಳಿಯ ಕಣ್ಣಿನ ಡಾಕ್ಟರರ ಹತ್ತಿರ ಹೋದೆ.

ಡಾಕ್ಟರು ಬಹಳ ಹೊತ್ತು ಕಣ್ಣೊಳಗೆ ಬೆಳಕು ಬಿಟ್ಟು ನೋಡಿದರು. ಆಮೇಲೆ ನನ್ನನ್ನು ಬಿಟ್ಟು ಅವ್ವನ ಕಡೆ ತಿರುಗಿದರು. "ನಿಮ್ಮದು ಸಂಬಂಧದಾಗ ಆದ ಮದುವಿ ಏನ್ರಿ?"

"ಹೌದ್ರಿ. ನಮ್ಮ ಅವ್ವನ ತಮ್ಮನ್ನ ಮಾಡಿಕೊಂಡೀನಿ" ಎಂದಳು ಅವ್ವ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಆದರೂ ಈ ಮಾತು ಹೇಳುವಾಗ ಆಕೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಣಗುತ್ತ ಬರುತ್ತಿದೆ, ಮೊದಲು ಕತ್ತಲಲ್ಲಿ ಕಾಣುವುದಿಲ್ಲ, ಆಮೇಲೆ ಬದಿಯದು ಹೋಗುತ್ತದೆ, ಕೊನೆಗೆ ನಡುವಿನದೂ ಮಸುಕಾಗುತ್ತದೆ, ಇದಕ್ಕೆ ಔಷಧವಿಲ್ಲ ಎಂದು ಡಾಕ್ಟರು ತಿಳಿಸಿ ಹೇಳಿದರು. ಇದು ರಕ್ತದಲ್ಲಿ ಬರುವ ರೋಗ, ಸಂಬಂಧದೊಳಗೆ ಮದುವೆಯಾದವರ ಮಕ್ಕಳಲ್ಲಿ ಹೆಚ್ಚು ಎಂದೂ ಹೇಳಿದರು.

ನನಗಿದ್ದ ಚಟ ಒಂದೇ, ಕಾರ್ಡ್ ಆಟ. ಇಸ್ಪೀಟಲ್ಲ, ದೆವ್ವ, ಮಾಂತ್ರಿಕ, ಡ್ರ್ಯಾಗನ್‌ಗಳ ಚಿತ್ರವಿರುವ ಕಾರ್ಡುಗಳನ್ನು ಕೂಡಿಸಿ, ಅವುಗಳಲ್ಲಿ ಆಯ್ದು ತನ್ನದೇ ಕಟ್ಟು ಕಟ್ಟಿಕೊಂಡು ಎದುರಿನವನ ಕಟ್ಟಿನ ಜೊತೆ ಕಾದಾಡುವ ಆಟ. ಅದನ್ನು ನನಗೆ ಕಲಿಸಿದವನು ಗದಗಿನ ಕಲರ್ ಲ್ಯಾಬ್ ನಡೆಸುವ ಗೆಳೆಯ. ಬೆಟಗೇರಿಯವನು, ನನಗಿಂತ ಸ್ವಲ್ಪ ದೊಡ್ಡವನು. ಆಲ್ಬಮ್ ಒಪ್ಪಿಸಲು ಹೋದಾಗ ಪರಿಚಯವಾಗಿ, ಪ್ರತಿ ಭಾನುವಾರ ಅವನ ಲ್ಯಾಬಿನ ಅಟ್ಟದ ಮೇಲೆ ಸೇರುವಂತಾಗಿತ್ತು. ಅಲ್ಲಿಗೆ ಇನ್ನೂ ಕೆಲವರು ಬರುತ್ತಿದ್ದರು.

ಆಗ ನನ್ನದು ವೇಗದ ಕಟ್ಟು. ಎದುರಿನವನ ಕಾರ್ಡುಗಳನ್ನೆಲ್ಲ ಒಂದೇ ನೋಟಕ್ಕೆ ಹಿಡಿದು ಥಟ್ಟನೆ ಹೊಡೆಯಬೇಕು. ಕಣ್ಣು ಕುಗ್ಗಿದಂತೆ ಸೋಲತೊಡಗಿದೆ. ಮೇಜಿನ ಬಲತುದಿ ನೋಡುವಷ್ಟರಲ್ಲಿ ಎಡತುದಿ ಮಾಯ. ಕಾರ್ಡಿನ ಸಣ್ಣ ಅಕ್ಷರಗಳಂತೂ ಇರುವೆ ಸಾಲಿನ ಹಾಗೆ. ಒಂದು ಭಾನುವಾರ ಇನ್ನು ಬರುವುದಿಲ್ಲ ಎಂದುಬಿಟ್ಟೆ.

"ಆಟ ಬಿಡಬ್ಯಾಡಲೇ, ಕಟ್ಟು ಬದಲು ಮಾಡು" ಎಂದ ಗೆಳೆಯ. "ಖಬರಸ್ತಾನದ ಕಟ್ಟು ಕಟ್ಟು. ಅದಕ್ಕ ಕಣ್ಣಿಗಿಂತ ತಲಿ ಜಾಸ್ತಿ ಬೇಕು."

ಸತ್ತ, ಎಸೆದ ಕಾರ್ಡುಗಳು ಬೀಳುವ ಜಾಗಕ್ಕೆ ಅವನು ಖಬರಸ್ತಾನ ಎನ್ನುತ್ತಿದ್ದ, ನಾನು ಸುಡುಗಾಡು ಎನ್ನುತ್ತಿದ್ದೆ. ದೊಡ್ಡ ಡ್ರ್ಯಾಗನ್‌ಗಳನ್ನು ಕೈಯಿಂದ ಮೇಜಿಗೆ ಇಳಿಸಲು ವಿಪರೀತ ಶಕ್ತಿ ಕೂಡಿಸಬೇಕು. ಅಷ್ಟರಲ್ಲಿ ಆಟ ಮುಗಿದಿರುತ್ತದೆ. ಅದಕ್ಕೆ ಒಂದು ಅಡ್ಡದಾರಿ ಇದೆ. ನಮ್ಮ ಕಟ್ಟಿನ ಮೇಲಿನ ಕಾರ್ಡುಗಳನ್ನು ನಾವೇ ಬೇಕೆಂದು ಸುಡುಗಾಡಿಗೆ ಸುರಿಯುವುದು, ಅಲ್ಲಿ ಬಿದ್ದ ಡ್ರ್ಯಾಗನ್ ಅನ್ನು ಎಬ್ಬಿಸುವ ಕಾರ್ಡ್ ಹಾಕಿ ಕಡಿಮೆ ಶಕ್ತಿಯಲ್ಲೇ ಮೇಲೆ ತರುವುದು. ಸುಡುಗಾಡಿನಲ್ಲಿ ಯಾವ್ಯಾವುದು ಬಿದ್ದಿದೆ ಎಂದು ನೆನಪಿದ್ದರೆ ಅರ್ಧ ಆಟ ಗೆದ್ದಂತೆ. ನೆನಪು ನನಗೆ ಇತ್ತು. ಯಾವ ಮದುವೆಯ ಯಾವ ಪುಟದಲ್ಲಿ ಯಾರು ನಿಂತಿದ್ದರು ಎಂದು ಈಗಲೂ ಹೇಳಬಲ್ಲೆ.

ಕಟ್ಟು ಕೂಡಿಸಲು ಒಂದು ಮಳೆಗಾಲವೇ ಹಿಡಿಯಿತು. ಮುಖ್ಯವಾದ ಕಪ್ಪು ಡ್ರ್ಯಾಗನ್ ಇದ್ದದ್ದು ಮುಂಡರಗಿಯ ಒಬ್ಬ ಆಟಗಾರನ ಹತ್ತಿರ. ಅಲ್ಲಿಗೆ ನನ್ನನ್ನು ಕರೆದೊಯ್ದವಳು ತಂಗಿ. ಅವಳು ಶಿರಹಟ್ಟಿಯ ಒಂದು ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಡೋಣಿ ಎಂಬ ಊರಿನ ಮೇಲೆ ಹಾದುಹೋಗುವ ಬಸ್ಸು ಹತ್ತಿದೆವು. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುತ್ತಿವೆಯೇ ಎಂದು ಕೇಳಿದರೆ "ಒಂದ್ ನಿಂತೈತಿ, ಉಳಿದಾವು ತಿರಗಾಕತ್ತಾವು" ಎಂದು ಹೇಳುತ್ತ ಬಂದಳು. ಮುಂಡರಗಿಯವನು ನನ್ನ ಹಳೆಯ ಕಟ್ಟಿನ ಅತ್ಯುತ್ತಮ ಕಾರ್ಡುಗಳನ್ನೆಲ್ಲ ಬದಲಿಗೆ ಕೇಳಿದ. ಕೊಟ್ಟೆ. ಓದಲಾಗದ ಮೇಲೆ ಅವನ್ನು ಇಟ್ಟುಕೊಂಡು ಏನು ಮಾಡಲಿ?

ತಿರುಗಿ ಬರುವಾಗ ತಂಗಿ ಆ ಕಪ್ಪು ಡ್ರ್ಯಾಗನ್‌ಗೆ ಕಪ್ಪತ್ತ ಎಂದು ಹೆಸರಿಟ್ಟಳು. ಅಗಲ ರೆಕ್ಕೆಯ ಕೆಂಪಗಿನದು ಡೋಣಿ. ಬೆಳ್ಳಗಿನದು ಬೆಳ್ಳಟ್ಟಿ. ಆಟದಲ್ಲಿ ಅವಳು ನನ್ನ ಪಕ್ಕ ಕುಳಿತು ಕಾರ್ಡ್ ಓದಿ ಹೇಳಬೇಕಾಗಿತ್ತು, ಕೈಯಲ್ಲಿದ್ದದ್ದು ಎದುರಿನವರಿಗೆ ಗೊತ್ತಾಗಲೂಬಾರದು. ಬೆರಳಿಗೆ ಹತ್ತುವಂತೆ ಕಾರ್ಡಿಗೆ ಗುರುತು ಮಾಡಿದರೆ ಅದು ಮೋಸವಾಗುತ್ತದೆ. ಹಾಗಾಗಿ ನಮ್ಮ ಸುತ್ತಿನ ಗುಡ್ಡ, ಊರುಗಳ ಹೆಸರುಗಳೇ ನಮ್ಮ ಗುಟ್ಟಿನ ಭಾಷೆಯಾದವು.

ಸಂಜೆ ಶಾಲೆಯಿಂದ ಬಂದು ಚಹಾ ಕುಡಿದು ಅವಳು ಕಾರ್ಡ್ ಹಿಡಿದು ಕೂಡುತ್ತಿದ್ದಳು. "ಅಣ್ಣಾ, ನಿನ್ನ ಸುಡಗಾಡದಾಗ ಯಾರ್ ಯಾರ್ ಅದಾರ ಹೇಳು?" ಎಂದು ಪರೀಕ್ಷೆ ಮಾಡುತ್ತಿದ್ದಳು. ನಾನು ಒಂದೂ ತಪ್ಪದೆ ಹೇಳುತ್ತಿದ್ದೆ.

ಅವ್ವ ಒಳಗಿಂದ ಕೂಗುತ್ತಿದ್ದಳು. "ದೀಪಾ ಹಚ್ಚೂ ಹೊತ್ತಿನಾಗ ಏನ್ ಮಾತು ಅವು? ಬ್ಯಾರೆ ಹೆಸರು ಸಿಗಲಿಲ್ಲೇನು?" ಹಾಗೆ ಬೈಯುತ್ತಲೇ ನಮ್ಮಿಬ್ಬರ ನಡುವೆ ಮಂಡಕ್ಕಿ ತಂದಿಡುತ್ತಿದ್ದಳು. ತಂಗಿಯನ್ನು ತನ್ನ ತಮ್ಮನ ಮಗನಿಗೆ, ಬಾಳೆಹೊಸೂರಿಗೆ ಕೊಡಬೇಕೆಂದು ಅವಳಿಗೆ ಆಸೆಯಿತ್ತು. ಆ ಮಾತು ಬಂದಾಗಲೆಲ್ಲ ತಂಗಿ ಎದ್ದು ಹೋಗುತ್ತಿದ್ದಳು. ನನ್ನನ್ನು ಬಿಟ್ಟು ಹೋಗಲು ಮನಸ್ಸಿಲ್ಲ ಎಂದು ನಾನು ತಿಳಿದುಕೊಂಡಿದ್ದೆ.

ಚಳಿಗಾಲ ಕಳೆದ ಮೇಲೆ ಗೆಳೆಯ ಅಟ್ಟದ ಮೇಲೆ ಪಂದ್ಯ ಇಟ್ಟ. ಬೇರೆ ಊರುಗಳಿಂದಲೂ ಆಟಗಾರರು ಬಂದರು. ನಾನು ಮೊದಲಿನ ಪಂದ್ಯಗಳನ್ನು ಗೆದ್ದೆ. ಕಪ್ಪತ್ತ ಸುಡುಗಾಡಿನಿಂದ ಎದ್ದು ಬಂದಾಗ ಹಿಂದೆ ನಿಂತವರು "ಭಲೆ" ಎನ್ನುವುದು ಕೇಳಿಸಿತು. ಎಷ್ಟೋ ದಿನಗಳ ಮೇಲೆ ಮೈ ಹಗುರವಾಗಿತ್ತು.

ಕೊನೆಯ ಪಂದ್ಯ ಹುಬ್ಬಳ್ಳಿಯಿಂದ ಬಂದಿದ್ದ ಒಬ್ಬ ಕಾಲೇಜು ವಿದ್ಯಾರ್ಥಿನಿಯ ಎದುರು. ಮೂರು ಆಟಗಳಲ್ಲಿ ಎರಡು ಗೆದ್ದವರಿಗೆ ಪಂದ್ಯ. ಮೊದಲನೆಯದನ್ನು ನಾನು ಗೆದ್ದೆ. ಎರಡನೆಯದರಲ್ಲಿ ಅವಳು ಇಡೀ ಸುಡುಗಾಡನ್ನೇ ಆಟದಿಂದ ಅಳಿಸಿಹಾಕುವ ಕಾರ್ಡ್ ಹೊರತೆಗೆದಳು. ನಾನು ಜೋಪಾನವಾಗಿ ನೆನಪಿಟ್ಟುಕೊಂಡದ್ದೆಲ್ಲ ಒಂದೇ ಏಟಿಗೆ ಹೋಯಿತು.

ಮೂರನೆಯ ಆಟದ ಹೊತ್ತಿಗೆ ಮೋಡ ಕವಿದಿತ್ತು. ಕರೆಂಟ್ ಹೋಯಿತು. ಕಿಟಕಿಯಿಂದ ಬರುವ ಬೆಳಕಿನಲ್ಲೇ ಆಡೋಣ ಎಂದು ಎಲ್ಲರೂ ಒಪ್ಪಿದರು. ನಾನು ಕಟ್ಟಿನ ಮೇಲಿನ ಕಾರ್ಡುಗಳನ್ನು ಸುರಿದೆ. ಒಂದೊಂದು ಬಿದ್ದಂತೆ ತಂಗಿ ಕಿವಿಯಲ್ಲಿ ಹೇಳಿದಳು. ನಡುವೆ ಒಂದು ಕ್ಷಣ ತಡೆದು "ಬೆಳ್ಳಟ್ಟಿ" ಎಂದಳು. ನನಗೆ ಅಷ್ಟೇ ಬೇಕಾಗಿತ್ತು. ಕಪ್ಪತ್ತನನ್ನು ತರಬಹುದಾಗಿದ್ದರೂ ಬಿಟ್ಟೆ. ಬೆಳ್ಳಟ್ಟಿ ಬಂದರೆ ಅದೇ ಸರದಿಗೆ ಆಟ ಮುಗಿಯುತ್ತಿತ್ತು. ಇದ್ದ ಶಕ್ತಿಯನ್ನೆಲ್ಲ ಖರ್ಚು ಮಾಡಿ ಎಬ್ಬಿಸುವ ಕಾರ್ಡ್ ಹಾಕಿ ಅದರ ನಿಜವಾದ ಹೆಸರು ಹೇಳಿದೆ.

ಎದುರಿನವಳು ನನ್ನ ಸುಡುಗಾಡನ್ನು ಹರಡಿ ನೋಡಿದಳು. "ಆ ಬಿಳೇ ಡ್ರ್ಯಾಗನ್ ಇದರಾಗ ಇಲ್ಲಲ್ರಿ" ಎಂದಳು. ದನಿಯಲ್ಲಿ ಗೆದ್ದ ಹಿಗ್ಗಿರಲಿಲ್ಲ, ಮರುಕವೇ ಇತ್ತು.

"ಐತಿ, ನೋಡ್ರಿ" ಎಂದೆ.

ಗೆಳೆಯ ಬಂದು ಒಂದೊಂದೇ ಕಾರ್ಡ್ ಎತ್ತಿ ಓದಿದ. ಬೆಳ್ಳಟ್ಟಿ ಇರಲಿಲ್ಲ. ಆ ಜಾಗದಲ್ಲಿ ಇದ್ದದ್ದು ಬೂದಿ ಬಣ್ಣದ ಒಂದು ಸಣ್ಣ ಎಲುಬಿನ ಹಂದರ, ಯಾವ ಕೆಲಸಕ್ಕೂ ಬಾರದ್ದು. "ತಂಗೀ, ಇದನ್ನ ಬೆಳ್ಳಟ್ಟಿ ಅಂದ್ಯಾ?" ಎಂದು ಮೆಲ್ಲಗೆ ಕೇಳಿದ. ಆ ಅಟ್ಟದ ಮೇಲೆ ಉಳಿದ ಎಲ್ಲರಿಗೂ ಕಾರ್ಡುಗಳು ಸರಿಯಾಗಿಯೇ ಕಾಣುತ್ತಿದ್ದವು. ನನ್ನ ಶಕ್ತಿಯೂ ಎಬ್ಬಿಸುವ ಕಾರ್ಡೂ ವ್ಯರ್ಥವಾಗಿದ್ದವು. ನಾನು ಎದುರಿನವಳ ಕೈ ಕುಲುಕಿ ಸೋಲೊಪ್ಪಿದೆ.

ಲಕ್ಷ್ಮೇಶ್ವರಕ್ಕೆ ಬಂದಾಗ ಮುಸ್ಸಂಜೆ. ಬಸ್ಸಿನಿಂದ ಇಳಿಯುವಾಗ ತಂಗಿ ಎಂದಿನಂತೆ ನನ್ನ ತೋಳು ಹಿಡಿದಳು. ಆದರೆ ಅವಳ ಕಾಲು ಮೆಟ್ಟಿಲನ್ನು ತಡಕುವುದು ನನಗೆ ತಿಳಿಯಿತು. ಪಾದದ ತುದಿ ಮುಂದೆ ಚಾಚಿ, ಗಟ್ಟಿ ನೆಲ ಸಿಕ್ಕ ಮೇಲೆ ಭಾರ ಹಾಕುವುದು. ಅದು ನನ್ನ ನಡಿಗೆ. ಅದನ್ನು ಯಾರೂ ಬೇಕೆಂದು ಕಲಿಯುವುದಿಲ್ಲ. ಅವಳು ನನ್ನನ್ನು ನಡೆಸುತ್ತಿರಲಿಲ್ಲ, ನನ್ನನ್ನು ಹಿಡಿದುಕೊಂಡು ನಡೆಯುತ್ತಿದ್ದಳು.

"ಯಾವಾಗಿನಿಂದ?" ಎಂದೆ.

ನಿಲ್ದಾಣದಲ್ಲಿ ಇನ್ನೊಂದು ಬಸ್ಸು ಹಿಂದೆ ಸರಿಯುತ್ತಿತ್ತು, ಕಂಡಕ್ಟರ್ ಸೀಟಿ ಊದುತ್ತಿದ್ದ. "ಹ್ವಾದ ದೀಪಾವಳಿಗೆ ಪಣತಿ ಹಚ್ಚುವಾಗ ಗೊತ್ತಾತು" ಎಂದಳು. "ಅಂಗಳದಾಗ ಪಣತಿ ಬಿಟ್ಟು ಬ್ಯಾರೆ ಏನೂ ಕಾಣಲಿಲ್ಲ."

"ನನಗರ ಹೇಳಬಾರದಾಗಿತ್ತೇನು?"

"ಹೇಳಿದ್ರ ನಿನಗ ಓದಿ ಹೇಳಾವ್ರು ಯಾರಣ್ಣಾ?"

ಮತ್ತೆ ಹುಬ್ಬಳ್ಳಿ, ಅದೇ ಡಾಕ್ಟರು, ಅದೇ ಬೆಳಕು. ಈ ಸಲ ಅವರು ಅವ್ವನ ಕಡೆ ತಿರುಗಿ ಏನನ್ನೂ ಕೇಳಲಿಲ್ಲ. ಮನೆಗೆ ಬಂದ ಮೇಲೆ ಅವ್ವ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟಳು. ನಾವಿಬ್ಬರೂ ಒಂದು ಮಾತೂ ಅಂದಿರಲಿಲ್ಲ. ಆದರೂ ಆಕೆ ಅಂಗಳದ ಕಡೆ ಮುಖ ಮಾಡಿ, "ನಾ ಏನ್ ನನ್ನ ಮನಸ್ಸಿಂದ ಮದುವಿ ಆಗಿದ್ನೇನು? ನನ್ನ ಯಾರ್ ಕೇಳಿದ್ರು? ಮಾವ ಅಂತ ಕರಕೊಂತ ಆಡಾಕಿ ನಾನು, ಒಂದಿನ ಅವರ ಬಾಜೂಕ ಕುಂಡರಿಸಿ ಅಕ್ಕಿಕಾಳು ಹಾಕಿದ್ರು" ಎಂದಳು. ತಂಗಿ ಹೋಗಿ ಆಕೆಯ ಪಕ್ಕ ಕುಳಿತಳು.

ಅವ್ವನ ತಮ್ಮ, ಬಾಳೆಹೊಸೂರಿನ ಮಾವ, ಆ ತಿಂಗಳೇ ಮಾತು ಮುಗಿಸಲು ಬಂದರು. "ಕಣ್ಣಿನದೇನು, ನಮ್ಮ ಮನಿ ಹುಡುಗಿ, ನಾವು ನೋಡಿಕೊಂತೀವಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಅವ್ವ ಚಹಾದ ಕಪ್ಪು ಅವರ ಕೈಗೆ ಕೊಟ್ಟು, "ಬ್ಯಾಡಪಾ. ಸಂಬಂಧದಾಗಿನ ಮದುವಿ ನನ್ನ ಕಾಲಕ್ಕ ಸಾಕು" ಎಂದಳು. ಅವರು ಚಹಾ ಮುಟ್ಟದೆ ಎದ್ದು ಹೋದರು. ಅಕ್ಕ-ತಮ್ಮನ ಮಾತು ಅಲ್ಲಿಗೇ ನಿಂತಿದೆ.

ಆಲ್ಬಮ್ ಕೆಲಸ ನಾನು ಬಿಟ್ಟಿದ್ದೇನೆ. ಈ ಬರಹವನ್ನೂ ಫೋನಿಗೆ ಬಾಯಲ್ಲಿ ಹೇಳಿ ಬರೆಸುತ್ತಿದ್ದೇನೆ. ತಂಗಿ ಇನ್ನೂ ಶಿರಹಟ್ಟಿಗೆ ಹೋಗಿ ಬರುತ್ತಾಳೆ. ಹೊತ್ತು ಮುಳುಗುವ ಮೊದಲು ಮನೆ ಸೇರುವಂತೆ ಬಸ್ಸು ಹಿಡಿಯುತ್ತಾಳೆ. ಇನ್ನೆಷ್ಟು ದಿನ ಹೋಗಬಹುದು ಎಂಬ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಗೆಳೆಯ ಕೆಲವು ಭಾನುವಾರ ತಾನೇ ನಮ್ಮ ಮನೆಗೆ ಬರುತ್ತಾನೆ. ಹೋದ ಸಲ ಬಂದಾಗ ತಂಗಿ ತನಗೂ ಒಂದು ಕಟ್ಟು ಬೇಕೆಂದಳು, ನನ್ನ ಎದುರು ಕುಳಿತು ಆಡುತ್ತೇನೆಂದಳು. ಅವನು ಲ್ಯಾಬಿನಿಂದ ತಂದಿದ್ದ ದೊಡ್ಡ ದೀಪವನ್ನು ಮಧ್ಯಾಹ್ನವೇ ಹಚ್ಚಿಟ್ಟು, ನಮ್ಮಿಬ್ಬರ ನಡುವೆ ಕುಳಿತು, ಒಮ್ಮೆ ನನ್ನ ಕಿವಿಗೆ, ಒಮ್ಮೆ ಅವಳ ಕಿವಿಗೆ ಕಾರ್ಡ್ ಓದಿ ಹೇಳಿದ. ಅವಳು ಅಕ್ಷರದ ತಂಟೆಗೆ ಹೋಗಲಿಲ್ಲ, ಎಲ್ಲವನ್ನೂ ಕೇಳಿಸಿಕೊಂಡೇ ಆಡಿದಳು. ಈಗಿನಿಂದಲೇ ರೂಢಿಯಾಗಲಿ ಎಂದು ಇರಬೇಕು. ಒಂದು ಹಂತದಲ್ಲಿ ನಾನು ಸುಡುಗಾಡಿನಲ್ಲಿದ್ದದ್ದನ್ನು ಮರೆತೆ. ಅವಳು ಮರೆಯಲಿಲ್ಲ. ನನ್ನದನ್ನೂ ತನ್ನದನ್ನೂ ಕೆಳಗಿನಿಂದ ಮೇಲಿನವರೆಗೆ ತಪ್ಪಿಲ್ಲದೆ ಹೇಳಿದಳು. ಹೇಳಿ ಮುಗಿಸಿ, ನನ್ನ ಸರದಿಗಾಗಿ ಕಾಯುತ್ತ ಕುಳಿತಳು.