ಮೋಟಾರಿನ ಮೂತಿಗೆ ಭಂಡಾರ

ನಾನು ಚಿಕ್ಕವನಿದ್ದಾಗ ನನ್ನ ಗಂಟಲಿನಲ್ಲಿ ಅರ್ಧ ಸವದತ್ತಿ ವಾಸವಾಗಿತ್ತು. ಎಮ್ಮೆಯಂತೆ ಕೂಗುತ್ತಿದ್ದೆ, ಸಾಲಿಯ ಮಾಸ್ತರರಂತೆ ಕೆಮ್ಮುತ್ತಿದ್ದೆ, ಅಕ್ಕನ ಅಳುವನ್ನು ಅಕ್ಕನಿಗಿಂತ ಚೆನ್ನಾಗಿ ಅಳುತ್ತಿದ್ದೆ. ನನ್ನ ಸ್ವಂತ ದನಿ ಹೇಗಿತ್ತೆಂದು ಮಾತ್ರ ಕೇಳಬೇಡಿ ಮಕ್ಕಳೇ. ಅದನ್ನು ಯಾರೂ ಎರಡನೇ ಸಲ ಕೇಳಬಯಸುತ್ತಿರಲಿಲ್ಲ.

ಅಪ್ಪ ಚಕ್ಕಡಿಗಳಿಗೆ ಬಣ್ಣ ಹಚ್ಚುತ್ತಿದ್ದ. ಒಂದು ಸಲ ಊರಿನ ಸಾವ್ಕಾರರು ರಾಮದುರ್ಗಕ್ಕೆ ಜನರನ್ನು ಒಯ್ಯುವ ತಮ್ಮ ಸರ್ವಿಸ್ ಮೋಟಾರನ್ನು ಅವನಿಗೆ ಒಪ್ಪಿಸಿದರು. "ಚಲೋ ಆತಂದ್ರ ಇನ್ನೊಂದು ಮೋಟಾರೂ ನಿನಗ. ಕೆಡಸಿದಿ ಅಂದ್ರ ಎರಡೂ ಬೆಳಗಾವಿ ಬಣ್ಣದವರಿಗೆ," ಎಂದರು. ಅಪ್ಪ ಅಂದಿನಿಂದ ಊಟದ ತಾಟಿನ ಮೇಲೂ ಬೆರಳಿನಲ್ಲಿ ಬಣ್ಣ ಎಳೆಯತೊಡಗಿದ.

ಬಣ್ಣ ಸಿಡಿಸುವ ಯಂತ್ರವನ್ನು ಆಗ ನಾವು ಕಂಡಿರಲಿಲ್ಲ. ಎಲ್ಲ ಕುಂಚದ ಕೆಲಸ. ಸಾವ್ಕಾರರ ಕೊಟ್ಟಿಗೆಯಲ್ಲಿ ದನ ಹೊರಗೆ ಕಟ್ಟಿ ಮೋಟಾರು ನಿಲ್ಲಿಸಿದರು. ಅಕ್ಕ ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿದಳು. ಅಗಸೆ ಎಣ್ಣೆಯ ವಾಸನೆಯ ಹಸಿರು ಬಣ್ಣವನ್ನು ಅಪ್ಪ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಹಚ್ಚಿ, ಕೊನೆಗೆ ಕುಂಚದ ತುದಿಗೂದಲಿನಿಂದ ಉಸಿರು ಬಿಗಿಹಿಡಿದು ಒಂದೇ ದಿಕ್ಕಿಗೆ ಎಳೆಯುತ್ತಿದ್ದ. ಹಸಿ ಅಂಚು ಆರುವುದರೊಳಗೆ ಪಕ್ಕದ ಪಟ್ಟಿ ಬಂದು ಸೇರಬೇಕು. ನಡುವೆ ನಿಂತರೆ ಗೆರೆ ಉಳಿಯುತ್ತದೆ. ಅದಕ್ಕೇ ನನ್ನನ್ನು ಮೋಟಾರಿನೊಳಗೆ ಕೂರಿಸಿ, "ಯಾರನೂ ಹತ್ರ ಬಿಡಬ್ಯಾಡ," ಎಂದ.

ನೋಡಲು ಜನ ಬಂದರು. ನಾನು ಡ್ರೈವರನ ದನಿಯಲ್ಲಿ, "ಏ, ಹಿಂದ ಸರೀರಿ! ಗಾಡಿ ಚಾಲೂ ಐತಿ!" ಎಂದು ಗದರಿದೆ. ಎಂಜಿನ್ನಿನ ಗುರುಗುರು ಸದ್ದೂ ನನ್ನದೇ. ಜನ ಹೌಹಾರಿ ಓಡಿದರು.

ಆಗ ಬಂದರು ಸಾವ್ಕಾರರ ಅವ್ವ. ಮನೆಗೆ ಹೊಸ ಎತ್ತು ಬರಲಿ, ಹೊಸ ಚಕ್ಕಡಿ ಬರಲಿ, ಎಲ್ಲಮ್ಮನ ಭಂಡಾರ ಹಾಕದೆ ಅವರು ಬಿಡುತ್ತಿರಲಿಲ್ಲ. ಕೈಯಲ್ಲಿ ಆ ಅರಿಸಿನ ಪುಡಿಯ ಬಟ್ಟಲಿತ್ತು. ಡ್ರೈವರನ ದನಿಗೆ ಇವರು ಬಗ್ಗುವವರಲ್ಲ ಎಂದು ನಾನು ಸಾವ್ಕಾರರ ದನಿಯನ್ನೇ ತೆಗೆದೆ. "ಯವ್ವಾ! ಅಲ್ಲೇ ನಿಂದ್ರು!"

"ನನ್ನ ಮಗ ನನ್ನ ಮುಂದ ಇಷ್ಟು ದನಿ ಎತ್ತಂಗಿಲ್ಲ. ಯಾವಲೇ ಅವಾ ಒಳಗ?"

"ಯಾರೂ ಇಲ್ರೀ," ಎಂದೆ, ಗಾಬರಿಯಲ್ಲಿ ನನ್ನದೇ ದನಿಯಿಂದ.

"ಹಸಿ ಐತ್ರೀ ಅವ್ವಾರ!" ಎಂದು ಆಚೆ ಬದಿಯಿಂದ ಅಪ್ಪ ಕೂಗುವಷ್ಟರಲ್ಲಿ "ಉಧೋ ಉಧೋ!" ಎಂದು ಒಂದು ಮುಷ್ಟಿ ಭಂಡಾರ ಮೋಟಾರಿನ ಮೂತಿಗೆ ಬಿದ್ದಿತ್ತು. ಅಕ್ಕ ಒರೆಸಲು ಓಡಿದಳು. "ಮುಟ್ಟಬ್ಯಾಡ! ರಾಡಿ ಆಗತೈತಿ!" ಎಂದ ಅಪ್ಪ, ಹಿಡಿದ ಪಟ್ಟಿಯನ್ನು ಕೊನೆಯವರೆಗೆ ಎಳೆದು ಮುಗಿಸಿದ ಮೇಲೆಯೇ ತಲೆಯ ಮೇಲೆ ಕೈಹೊತ್ತು ಕುಳಿತ.

ಸಂಜೆ ಸಾವ್ಕಾರರು ಬಂದವರೇ, "ಏನೋ ಇದು, ಮೋಟಾರಿಗೆ ಕಾಮಣಿ ಆಗೇತೇನು, ಮಾರಿ ಎಲ್ಲಾ ಹಳದಿ?" ಎಂದು ಸಿಡಿದರು.

ಭಂಡಾರ ಹಾಕಿದ್ದು ಯಾರೆಂದು ಅಪ್ಪ ಹೇಳಲಿಲ್ಲ. "ಒಣಗಲಿರೀ. ಕಲ್ಲಿಲೆ ತಿಕ್ಕಿ ಮತ್ತೊಂದು ಕೈ ಹಚ್ಚತೇನಿ," ಎಂದ.

"ದೇವಿ ಭಂಡಾರ ತಿಕ್ಕಿ ತಗೀತಿಯೇನ? ತಗದು ನೋಡು!" ಬಾಗಿಲಲ್ಲಿ ಅವ್ವ ನಿಂತಿದ್ದರು.

ಅವರು ಮಗನ ಬಗ್ಗೆ ಹೇಳಿದ್ದು ನಿಜವಾಗಿತ್ತು. "ಇರಲಿ ತಗೋ ಯವ್ವಾ," ಎಂಬ ಸಾವ್ಕಾರರ ದನಿ ಬೆಕ್ಕಿನ ಮರಿಯಷ್ಟಿತ್ತು. ಆ ದನಿಯನ್ನೂ ನಾನು ಕಲಿತುಕೊಂಡೆ.

ಅಪ್ಪ ಭಂಡಾರದ ಮೇಲೆಯೇ ವಾರ್ನಿಶ್ ಎಳೆದ. ಮೋಟಾರು ಹಳದಿ ಮೂತಿಯಲ್ಲೇ ರಾಮದುರ್ಗಕ್ಕೆ ಓಡಾಡಿತು. ಆದರೆ ಅದರ ಎರಡೂ ಬದಿಗಳಲ್ಲಿ ಹುಡುಕಿದರೂ ಒಂದು ಗೆರೆ ಸಿಗುತ್ತಿರಲಿಲ್ಲ. ಸಾವ್ಕಾರರು ಅದರಲ್ಲಿ ನೋಡಿಕೊಂಡೇ ಮೀಸೆ ತೀಡುತ್ತಿದ್ದರು. ಒಂದು ಬೆಳಿಗ್ಗೆ ಅವರೇ ನಮ್ಮ ಮನೆಗೆ ಬಂದು ಪಿಸುಗುಟ್ಟಿದರು: "ಅವ್ವ ಸುರೇಬಾನಕ್ಕ ಬೀಗರ ಮನಿಗೆ ಹೋಗ್ಯಾಳ. ಲಗೂನ ಬಾ, ಎರಡನೇದಕ್ಕ ಹಚ್ಚಿ ಮುಗಸು!"

ಮೊನ್ನೆ ನಿಮ್ಮಪ್ಪನ ಜೀಪಿಗೆ ಬಣ್ಣ ಹಾಕಿಸಲು ಬೈಲಹೊಂಗಲಕ್ಕೆ ಹೋಗಿದ್ದೆವಲ್ಲ ಮಕ್ಕಳೇ, ನಾವು ಚಹಾ ಕುಡಿಯುವುದರೊಳಗೆ ಗ್ಯಾರೇಜಿನ ಹುಡುಗ ಬಣ್ಣ ಸಿಡಿಸುವ ಯಂತ್ರದಿಂದ ಸುಂಯ್ ಎಂದು ಒಂದು ಬದಿ ಮುಗಿಸಿದ. ಧೂಳು ಬಾರದಂತೆ, ಜನ ಬಾರದಂತೆ ಅವನ ಕೋಣೆಗೆ ಗಟ್ಟಿ ಕದವಿತ್ತು. ನಮ್ಮ ಕಾಲದಲ್ಲಿ ಆ ಕದದ ಕೆಲಸವನ್ನು ನನಗೆ ಕೊಟ್ಟಿದ್ದರು. ಎಷ್ಟು ಗಟ್ಟಿ ಕದವೆಂದು ಈಗ ನಿಮಗೆ ಗೊತ್ತಾಯಿತಲ್ಲ!