ಆರು ಮಿಲಿಮೀಟರ್ ಹುಲ್ಲು

ಆರ್ವಿಲ್ ಜಾಸ್ಟ್ರೋ ಹುಲ್ಲು ಮಾಡುತ್ತಿದ್ದ. ಬೆಳೆಸುತ್ತಿರಲಿಲ್ಲ, ಮಾಡುತ್ತಿದ್ದ. ವಿಸ್ಕಾನ್ಸಿನ್‌ನ ಕಾಗದದ ಗಿರಣಿಯೊಂದರಲ್ಲಿ ಆಯುಷ್ಯ ಸವೆಸಿ ನಿವೃತ್ತನಾದ ಮೇಲೆ ಅವನಿಗೆ ಹಿಡಿದ ಹುಚ್ಚು ಇದೊಂದೇ. ಊರಿನ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಪುಟಾಣಿ ರೈಲಿನ ಕ್ಲಬ್ಬಿತ್ತು. ಅಲ್ಲಿ ನಾಲ್ಕಾರು ಮುದುಕರು ಸೇರಿ ತಮ್ಮ ಊರನ್ನೇ ಎಂಬತ್ತೇಳು ಪಟ್ಟು ಕುಗ್ಗಿಸಿ ಮೇಜಿನ ಮೇಲೆ ಕಟ್ಟಿದ್ದರು. ಮನೆ ಕಟ್ಟುವವರು ಬೇರೆ, ಹಳಿ ಹಾಸುವವರು ಬೇರೆ. ಹುಲ್ಲು ಮಾತ್ರ ಆರ್ವಿಲ್‌ನದು.

ಅಂಗಡಿಯಲ್ಲಿ ಸಿಗುವ ಹಸಿರು ಪುಡಿ ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. "ಹುಲ್ಲು ಎಲ್ಲಾದ್ರೂ ಒಂದೇ ಬಣ್ಣ ಇರುತ್ತೇನ್ರೋ? ಬುಡ ನೋಡಿ, ಒಣಗಿರುತ್ತೆ. ತುದಿ ನೋಡಿ, ಹಳದಿ. ಹತ್ತಿರ ಹೋಗಿ ಸರಿಯಾಗಿ ನೋಡ್ರೋ!" ಎಂದು ಕಂಡವರ ಮೇಲೆಲ್ಲ ಹರಿಹಾಯುತ್ತಿದ್ದ. ತಾನೇ ನೈಲಾನ್ ಎಳೆಗಳನ್ನು ಆರು ಮಿಲಿಮೀಟರ್ ಉದ್ದಕ್ಕೆ ಕತ್ತರಿಸಿ, ಬಣ್ಣಗಳನ್ನು ಬೆರೆಸಿ, ಹೆಂಡತಿ ಲವಾನಳ ಮಿಕ್ಸಿಯಲ್ಲಿ ತಿರುವುತ್ತಿದ್ದ. ಅದನ್ನು ವಿದ್ಯುತ್ತಿನ ಜರಡಿಗೆ ತುಂಬಿ, ಜರಡಿಯ ತಂತಿಯನ್ನು ಹಸಿ ಅಂಟಿನಲ್ಲಿ ನೆಟ್ಟ ಮೊಳೆಗೆ ಸಿಕ್ಕಿಸಿ ಅಲ್ಲಾಡಿಸಿದರೆ ಎಳೆಗಳೆಲ್ಲ ಉದುರಿ ಅಂಟಿನ ಮೇಲೆ ಸೆಟೆದು ನಿಲ್ಲುತ್ತಿದ್ದವು. ಕೆಲವೊಮ್ಮೆ ಆರ್ವಿಲ್‌ನ ತಲೆಯಲ್ಲಿ ಉಳಿದಿದ್ದ ಕೂದಲೂ ನಿಲ್ಲುತ್ತಿತ್ತು. ಒಂದು ಸಲ ಚರ್ಚಿನ ಊಟಕ್ಕೆ ಲವಾನ್ ಒಯ್ದ ಆಲೂಗೆಡ್ಡೆ ಸಲಾಡಿನಲ್ಲಿ ಅರ್ಧ ಹುಲ್ಲುಗಾವಲೇ ಸೇರಿಹೋಗಿತ್ತು. ಸಬ್ಬಸಿಗೆ ಎಂದುಕೊಂಡ ಪಾದ್ರಿಗಳು ಎರಡನೇ ಸಲವೂ ಬಡಿಸಿಕೊಂಡರು.

ಈ ತಪಸ್ಸಿನ ನಡುವೆ ಮನೆ ಮುಂದಿನ ನಿಜವಾದ ಹುಲ್ಲು ಕತ್ತರಿಸಲು ಅವನಿಗೆ ಪುರುಸೊತ್ತಾಗಲಿಲ್ಲ. ಮೊದಲೆಲ್ಲ ಬೇಸಿಗೆಯ ಸಂಜೆ ಲವಾನ್ ಆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಹೋಗಿಬರುವವರನ್ನು ಮಾತಾಡಿಸದಿದ್ದರೆ ಅವಳಿಗೆ ಉಂಡದ್ದು ಅರಗುತ್ತಿರಲಿಲ್ಲ. ಈಗ ಅಲ್ಲಿ ಕುರ್ಚಿ ಹಾಕಿದರೆ ಅದು ಮುಳುಗಿಯೇ ಹೋಗುತ್ತಿತ್ತು. ಅವಳ ಸೊಂಟ ಕೈಕೊಟ್ಟಿತ್ತು. ಪಕ್ಕದ ಮನೆಯವರು ಕತ್ತರಿಸಿಕೊಡಲು ಬಂದರೆ ಆರ್ವಿಲ್ ಅವರನ್ನು ಗದರಿಸಿ ಅಟ್ಟುತ್ತಿದ್ದ.

"ಮೊಣಕಾಲು ದಾಟಿತು ಮಾರಾಯ," ಎಂದಳು ಲವಾನ್. "ಇವತ್ತಾದ್ರೂ ಆ ಮಷಿನ್ನು ಹೊರಗೆ ತೆಗೀತೀಯಾ?"

"ಕತ್ತರಿಸಿಬಿಟ್ರೆ ನಾನು ಯಾವುದನ್ನ ನೋಡ್ಕೊಂಡು ಮಾಡ್ಲಿ? ಅದೇ ನನಗೆ ಮಾದರಿ ಕಣೆ."

"ಒಂದು ಕುರ್ಚಿ ಹಾಕೋ ಜಾಗ ಕೇಳ್ತಿದೀನಿ. ಅರಮನೆ ಕೇಳಿಲ್ಲ."

ಆರ್ವಿಲ್ ಮಿಕ್ಸಿ ಚಾಲೂ ಮಾಡಿದ.

ಕ್ಲಬ್ಬಿನ ಅಧ್ಯಕ್ಷ ಡ್ವೇನ್ ಸ್ಕಿಬ್ಬನದು ಒಂದೇ ಕಟ್ಟಪ್ಪಣೆ: ಊರಿನಲ್ಲಿ ಇರುವುದು ಮೇಜಿನ ಮೇಲೂ ಇರಬೇಕು, ಇಲ್ಲದ್ದು ಇರಕೂಡದು. ಹಾರ್ಡ್‌ವೇರ್ ಅಂಗಡಿಯ ಬೋರ್ಡಿನಿಂದ ಅಕ್ಷರವೊಂದು ಕಳಚಿ ಬಿದ್ದಾಗ ಮೇಜಿನ ಮೇಲಿನ ಬೋರ್ಡಿನಿಂದಲೂ ಅದನ್ನು ಕಿತ್ತರು. ಮೂಲೆಮನೆಯ ನಾಯಿ ಸತ್ತಾಗ ಎಲ್ಲರೂ ಟೋಪಿ ತೆಗೆದು ನಿಂತರು, ಡ್ವೇನ್ ಚಿಮಟದಿಂದ ಮೇಜಿನ ಮೇಲಿನ ನಾಯಿಯನ್ನೆತ್ತಿ ಡಬ್ಬಿಗೆ ಹಾಕಿದ. ಹೀಗಿರುವಾಗ ಆರ್ವಿಲ್ ತನ್ನ ಅಂಗಳವನ್ನು ಇದ್ದ ಹಾಗೇ ನೆಡದೆ ಏನು ಮಾಡಿಯಾನು? ಇಡೀ ಚಳಿಗಾಲ ಕೂತು ನೆಟ್ಟ. ಅದಕ್ಕಿಂತ ಚೆಂದದ ಹುಲ್ಲನ್ನು ಅವನು ಮಾಡಿರಲಿಲ್ಲ, ಮುಂದೆ ಮಾಡುವ ನಂಬಿಕೆಯೂ ಇರಲಿಲ್ಲ. ಅದರ ನಡುವೆ ನೀಲಿ ಲಂಗದ ಪ್ಲಾಸ್ಟಿಕ್ ಹೆಂಗಸೊಬ್ಬಳನ್ನು ನಿಲ್ಲಿಸಿದ. ಅವಳೇ ಲವಾನ್.

ಬೇಸಿಗೆ ಬಂತು. ಸಾರ್ವಜನಿಕರಿಗೆ ಕ್ಲಬ್ಬು ತೆರೆದ ಶನಿವಾರ ಮಕ್ಕಳು ಮರಿಗಳೆಲ್ಲ ಬಂದರು, ಊರಿನ ಅಂಗಳಗಳ ಮೇಲೆ ಕಣ್ಣಿಡುವ ಸರ್ಕಾರಿ ಅಧಿಕಾರಿ ವರ್ನಾ ಟೆಶ್ ಕೂಡ ಬಂದಳು. ರೈಲು ನೋಡಲಿಲ್ಲ. ಆರ್ವಿಲ್‌ನ ಅಂಗಳದ ಮುಂದೆ ಬಗ್ಗಿ ನಿಂತವಳು ಚೀಲದಿಂದ ಅಳತೆಪಟ್ಟಿ ತೆಗೆದಳು.

"ಇದು ಸರಿಯಾದ ಅಳತೆಯದೇನಾ?"

ಡ್ವೇನ್ ಎದೆಯುಬ್ಬಿಸಿದ. "ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ ಮೇಡಂ. ಬೈಬಲ್ ಮುಟ್ಟಿ ಹೇಳ್ತೀನಿ."

"ಹಾಗಾದ್ರೆ ಈ ಆರು ಮಿಲಿಮೀಟರನ್ನ ಎಂಬತ್ತೇಳರಿಂದ ಗುಣಿಸಿದ್ರೆ ಇಪ್ಪತ್ತು ಇಂಚು ದಾಟುತ್ತೆ. ಊರಿನ ಕಾನೂನು ಎಂಟೇ ಇಂಚು. ಜಾಸ್ಟ್ರೋ ಅವರೇ, ಇದನ್ನ ಕತ್ತರಿಸ್ಬೇಕು."

"ಯಾವುದನ್ನ? ಮನೇದನ್ನೋ, ಇದನ್ನೋ?"

ವರ್ನಾ ಯೋಚಿಸಿದಳು. "ಮನೇದನ್ನ ನಾನಿನ್ನೂ ನೋಡಿಲ್ಲ. ಸದ್ಯ ನನ್ನ ಕಣ್ಣಿಗೆ ಬಿದ್ದಿರೋದು ಇದೇ. ಇಲ್ಲಿಂದಲೇ ಶುರುಮಾಡಿ."

ಮುದುಕರೆಲ್ಲ ಚಪ್ಪಾಳೆ ತಟ್ಟಿದರು. ತಮ್ಮ ಮಾದರಿಗೆ ಸರ್ಕಾರಿ ನೌಕರಳೊಬ್ಬಳು ದಂಡನೆಯ ಗೌರವ ಕೊಟ್ಟಿದ್ದು ಕ್ಲಬ್ಬಿನ ಇತಿಹಾಸದಲ್ಲೇ ಮೊದಲು. ಡ್ವೇನ್ ಸಂಭ್ರಮದಿಂದ ಮೀಸೆ ಕತ್ತರಿಸುವ ಕತ್ತರಿ ತಂದುಕೊಟ್ಟ. ಆರ್ವಿಲ್ ಗೋಗರೆದ, ಬೈದ, ಕೊನೆಗೆ ಕೂತ. ಅಂಚಿನಿಂದ ಒಳಕ್ಕೆ ಬಂದ ಕತ್ತರಿ ಕೊನೆಗೆ ನೀಲಿ ಲಂಗದ ಬಳಿ ತಲುಪಿತು.

ಅಷ್ಟು ಹೊತ್ತಿಗೆ ಕಾಫಿ ಹಂಚುತ್ತಿದ್ದ ಲವಾನ್ ಬಂದು ಹಿಂದೆ ನಿಂತಿದ್ದಳು. ಹುಲ್ಲು ಬಿದ್ದ ಮೇಲೆ ಎಲ್ಲರಿಗೂ ಕಂಡಿತು: ಹೆಂಗಸಿಗೆ ಮೊಣಕಾಲಿನಿಂದ ಕೆಳಗೆ ಏನೂ ಇರಲಿಲ್ಲ.

"ಇದು ನಾನೇ ಅಲ್ವಾ?"

"ಹೂಂ."

"ನನ್ನ ಕಾಲೆಲ್ಲಿ?"

"ಕತ್ತರಿಸಿದ್ದೆ. ಹುಲ್ಲೊಳಗೆ ಹೇಗೂ ಕಾಣಲ್ಲ, ಅಂಟಲ್ಲಿ ಗಟ್ಟಿಯಾಗಿ ಕೂರುತ್ತೆ ಅಂತ... ನಾವೆಲ್ಲ ಹಾಗೇ ಮಾಡೋದು ಕಣೆ."

"ಹೌದು," ಎಂದಳು ಲವಾನ್. "ನೀನು ಹಾಗೇ ಮಾಡೋದು."

ಕಾಫಿ ಪಾತ್ರೆ ಮೇಜಿನ ಮೇಲಿಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲು ಹತ್ತಿ ಹೋದಳು. ಆರ್ವಿಲ್‌ಗೆ ಭೂಮಿ ಬಾಯಿಬಿಡಬಾರದೇ ಎನ್ನುವಷ್ಟು ನಾಚಿಕೆಯಾಯಿತು.

ಸಣ್ಣ ತಂತಿ ಬಗ್ಗಿಸಿ ಎರಡು ಕಾಲು ಮಾಡಿದ, ಹೆಂಗಸಿಗೆ ಅಂಟಿಸಿದ. ಬಣ್ಣದಲ್ಲಿ ಅದ್ದಿದ ಕುಂಚ ಗಾಳಿಯಲ್ಲೇ ನಿಂತಿತು.

"ಬಳಿಯೋ, ಯಾಕೆ ನಿಂತೆ?" ಎಂದ ಡ್ವೇನ್.

"ಅವಳು ಯಾವ ಶೂ ಹಾಕ್ತಾಳೆ, ಗೊತ್ತಾಗ್ತಿಲ್ಲ."

"ಬಿಳಿ ಬಳಿ. ಯಾರು ನೋಡ್ತಾರೆ?"

ಆರ್ವಿಲ್ ಕುಂಚ ಕೆಳಗಿಟ್ಟು ಎದ್ದು ಮನೆಗೆ ಹೋದ. ಶೆಡ್ಡಿನಿಂದ ಮಷಿನ್ನು ಎಳೆದ. ಅದು ಎರಡು ಹೆಜ್ಜೆಗೊಮ್ಮೆ ಹುಲ್ಲು ಸಿಕ್ಕಿ ಕೆಮ್ಮಿ ನಿಲ್ಲುತ್ತಿತ್ತು. ಅವನೂ ನಿಂತು ಕೆಮ್ಮುತ್ತಿದ್ದ. ಹೊತ್ತು ಇಳಿಯುವಷ್ಟರಲ್ಲಿ ಅಂಗಳ ಬೋಳಾಯಿತು. ಕುರ್ಚಿ ತಂದು ನಡುವೆ ಇಟ್ಟು ಬಾಗಿಲ ಕಡೆ ನೋಡಿದ.

ಲವಾನ್ ತುಂಬ ಹೊತ್ತು ಬರಲಿಲ್ಲ. ಬಂದವಳು ಕೂತು, ಶೂ ಬಿಚ್ಚಿ ಬದಿಗಿಟ್ಟು, ಬರಿಗಾಲನ್ನು ಹುಲ್ಲಿನ ಮೇಲೆ ಚಾಚಿದಳು. ಆರ್ವಿಲ್ ಅವಳ ಮುಂದೆ ಮೊಣಕಾಲೂರಿ ಬಗ್ಗಿದ. ಕಣಕಾಲು ಊದಿಕೊಂಡಿತ್ತು, ಕಿರುಬೆರಳು ಸೊಟ್ಟಗಾಗಿತ್ತು. ಅದು ಯಾವಾಗ ಸೊಟ್ಟಗಾಯಿತೋ ಅವನಿಗೆ ತಿಳಿಯದು.

"ಏನು ಹಾಗೆ ನೋಡ್ತಿದೀಯ?"

"ಕಾಲು. ಬಣ್ಣ ನೋಡ್ಕೋಬೇಕಿತ್ತು."

"ಒಂದೇ ಬಣ್ಣ ಇರಲ್ಲ ಅದು," ಎಂದಳು ಲವಾನ್. "ಹತ್ತಿರ ಬಂದು ಸರಿಯಾಗಿ ನೋಡು."