ಮಾರ್ಕಂಡೇಯ ತಾತನ ಫ್ಲಾಪಿ ಡಬ್ಬಿ

"ಅವ್ವಾ, ಮಾರ್ಕಂಡೇಯ ತಾತ ಆ ಡಬ್ಬಿನ ಯಾಕ ಹಂಗ ಎದಿಗೆ ಅಪ್ಕೊಂಡು ಕುಂತಾನ? ಅದರಾಗ ಪಾಪು ಮಲಗೈತೇನು?"

ಐದು ವರ್ಷದ ನವನೀತಾ ಕೇಳಿದ್ದು ಪಿಸುಮಾತಿನಲ್ಲೇ. ಆದರೆ ಅವಳ ಪಿಸುಮಾತು ನಾರಾಯಣಪೇಟೆಯ ಹಳೆ ಬಸ್ ನಿಲ್ದಾಣದ ತನಕ ಮುಟ್ಟುವಂಥದ್ದು. ತನ್ನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟರಿಗೆ ಕಾಗದ ತುಂಬುತ್ತಿದ್ದ ಶಿವರಂಜನಿ ಮಗಳ ಬಾಯಿಗೊಂದು ಬಿಸ್ಕೀಟು ಕೊಟ್ಟು ಸುಮ್ಮನಾಗಿಸಿದಳು. ಬೆಂಚಿನ ಮೇಲಿದ್ದ ತಾತ ಮಾತ್ರ ನಕ್ಕು, ಪಾಪುಗಿಂತ ಹೆಚ್ಚಿಂದು ಐತಿ ಎಂದು ಡಬ್ಬಿಯನ್ನು ಇನ್ನಷ್ಟು ಒತ್ತಿ ಹಿಡಿದ.

ಹಳೆಯದನ್ನು ಬಿಡದ ಗಿರಾಕಿ ಅವಳ ಅಂಗಡಿಗೆ ಇವನೊಬ್ಬನೇ ಅಲ್ಲ. ಮಕ್ತಲದ ಆಂಜನೇಯುಲು ಮೇಷ್ಟ್ರು ಮೊಬೈಲಿಗೆ ಬಂದ ಲಗ್ನಪತ್ರಿಕೆಯ ಪ್ರತಿ ಬೇಕಾದರೆ ಮೊಬೈಲನ್ನೇ ಜೆರಾಕ್ಸ್ ಯಂತ್ರದ ಗಾಜಿನ ಮೇಲೆ ಬೋರಲು ಹಾಕಿ, ಮುಚ್ಚಳ ಮುಚ್ಚಿ, ಕೈಕಟ್ಟಿ ನಿಲ್ಲುತ್ತಾರೆ. ಗಟ್ಟು ಕಡೆಯ ರೈತನೊಬ್ಬ ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕಟ್ಟಿದ್ದ ಸಿ.ಡಿ.ಯನ್ನು ದಾರದ ಸಮೇತ ಬಿಚ್ಚಿ ತಂದು, ಇದರೊಳಗೆ ಮಗಳ ಮದುವೆ ಫೋಟೊ ಇರಬೇಕು ನೋಡಮ್ಮ ಎಂದಿದ್ದ. ಆದರೆ ಫ್ಲಾಪಿಯವನು ಮಾರ್ಕಂಡೇಯ ತಾತನೊಬ್ಬನೇ. ಅವನಿಗಾಗಿಯೇ ಫ್ಲಾಪಿ ಓದುವ ಪೆಟ್ಟಿಗೆಯೊಂದನ್ನು ಅವಳು ಹಳೆ ಲುಂಗಿಯ ತುಂಡಿನಲ್ಲಿ ಸುತ್ತಿ ಕಾಪಾಡಿಕೊಂಡು ಬಂದಿದ್ದಳು.

ತಾತ ನೇಕಾರ. ಅವನ ಅಪ್ಪ ಒಂದು ಸೀರೆಯಂಚು ಕಂಡುಹಿಡಿದಿದ್ದ: ಕತ್ತು ತಿರುಗಿಸಿ ಹಿಂದೆ ನೋಡುವ ಗಿಣಿಗಳ ಸಾಲು. ಇಪ್ಪತ್ತೆರಡು ವರ್ಷದ ಹಿಂದೆ ನೇಕಾರರಿಗೆ ಕಂಪ್ಯೂಟರ್ ಕಲಿಸಲು ಬಂದವರೊಬ್ಬರು ಎಳೆಗೊಂದು ಚೌಕದ ಲೆಕ್ಕದಲ್ಲಿ ಬರೆದ ಆ ಗಿಣಿಯ ಚೌಕುಳಿ ನಕ್ಷೆಯನ್ನು ಫ್ಲಾಪಿಗೆ ಏರಿಸಿಕೊಟ್ಟರು. ತಾತ ಮನೆಗೆ ಹೋಗಿ ಮಾಡಿದ ಮೊದಲ ಕೆಲಸವೆಂದರೆ ಅಪ್ಪನ ಕಾಗದದ ನಕ್ಷೆಯನ್ನು ಒಲೆಗೆ ಹಾಕಿದ್ದು. ಕಾಗದ ಇದ್ದರೆ ಯಾರಾದರೂ ಜೆರಾಕ್ಸ್ ಮಾಡಿಸುತ್ತಾರೆ, ಸಂಜೆಯೊಳಗೆ ಗಿಣಿ ಹಾರಿ ಗದ್ವಾಲದ ಮಗ್ಗದಲ್ಲಿ ಕೂತಿರುತ್ತದೆ ಎಂಬುದು ಅವನ ಅಂಜಿಕೆ. ಇದನ್ನು ಅವನು ಹೇಳುತ್ತಿದ್ದುದೂ ಜೆರಾಕ್ಸ್ ಅಂಗಡಿಯಲ್ಲಿ ಕೂತೇ.

ವರ್ಷಕ್ಕೊಮ್ಮೆ, ಯುಗಾದಿಯ ಮಾರನೇ ದಿನ ಬರುತ್ತಿದ್ದ. ಫ್ಲಾಪಿ ಹಾಕಿಸಿ, ಪರದೆಯ ಮೇಲೆ ಗಿಣಿಯನ್ನು ಕಣ್ತುಂಬ ನೋಡಿ, ತೆಗೆಸಿಕೊಂಡು ಹೋಗುತ್ತಿದ್ದ. ಪೆನ್ ಡ್ರೈವಿಗೆ ಹಾಕಿಕೊಡುತ್ತೇನೆಂದು ಶಿವರಂಜನಿ ಗೋಗರೆದರೂ ಒಪ್ಪಲಿಲ್ಲ. ಪೆನ್ ಡ್ರೈವ್ ಹೆಣ್ಮಕ್ಕಳ ಕಿವಿಯೋಲೆ ಇದ್ದಂಗ, ಎಲ್ಲಿ ಬಿತ್ತೋ ಯಾರಿಗೆ ಸಿಕ್ಕಿತೋ. ಫ್ಲಾಪಿಯಾದರೆ ಕದ್ದವನಿಗೂ ತೆಗೆಯಲು ಬರುವುದಿಲ್ಲ. ಇದು ಅವನ ವಾದ.

ಈ ಸಲ ಯುಗಾದಿಗೆ ಮೊದಲೇ ಬಂದಿದ್ದ. ಸೀರೆಯ ಮೇಲೆ ಗಿಣಿ ಮೂಡಿಸುವ ತೂತಿನ ರಟ್ಟುಗಳ ಸರವನ್ನು ಮಳೆಗಾಲದಲ್ಲಿ ಇಲಿಗಳು ತಿಂದು ಮುಗಿಸಿದ್ದವು. ಬರುವ ತಿಂಗಳು ಮಗಳು ರಜಿನಿಯ ಕುಬಸ; ಬಸುರಿ ಮಗಳಿಗೆ ಆ ಅಂಚಿನ ಸೀರೆಯನ್ನೇ ಉಡಿಸುತ್ತೇನೆಂದು ಬೀಗರ ಮುಂದೆ ಮಾತು ಕೊಟ್ಟಿದ್ದ. ರಟ್ಟು ಹೊಡೆಯುವವನು ಗದ್ವಾಲದಲ್ಲಿದ್ದ. ಸೋಮವಾರದೊಳಗೆ ನಕ್ಷೆಯ ಪ್ರಿಂಟ್ ಅವನ ಕೈಸೇರದಿದ್ದರೆ ನೇಯುವುದಕ್ಕೆ ದಿನ ಸಾಲುವುದಿಲ್ಲ.

ಶಿವರಂಜನಿ ಫ್ಲಾಪಿ ಹಾಕಿದಳು. ಪೆಟ್ಟಿಗೆ ಕಟಕಟ ಎಂದಿತು, ಕೆರೆಯಿತು, ನಿಟ್ಟುಸಿರು ಬಿಟ್ಟಿತು.

"ಏನಂತೈತಿ?" ತಾತ ಮುಂದೆ ಬಾಗಿದ.

"ಒಳಗ ಏನೂ ಇಲ್ಲಂತ ತಾತಾ. ಪೂರಾ ತೊಳದು ಹೊಸಾದು ಮಾಡಿಕೊಡ್ಲೇನು ಅಂತ ಕೇಳಾಕತ್ತೈತಿ."

"ತೊಳಿಯೋದು ಬ್ಯಾಡ ಅನ್ನು. ಇನ್ನೊಮ್ಮೆ ಕೇಳು, ಮರ್ಯಾದಿಲೆ ಕೇಳು."

ಮರ್ಯಾದೆಯಿಂದ ನಾಲ್ಕು ಸಲ ಕೇಳಿದಳು. ಸೀರೆಯ ಸೆರಗಿನಿಂದ ಫ್ಲಾಪಿ ಒರೆಸಿ ಮತ್ತೆರಡು ಸಲ ಕೇಳಿದಳು. ಕಡೆಗೆ, ಯುಗಾದಿಯಿಂದ ಈಚೆಗೆ ಇದನ್ನು ಎಲ್ಲಿಟ್ಟಿದ್ದಿರಿ ಎಂದು ವಿಚಾರಿಸಿದಳು. ತಾತ ಹೆಮ್ಮೆಯಿಂದ ಡಬ್ಬಿ ತೆರೆದು ತೋರಿಸಿದ. ತಳದಲ್ಲಿ ಹಳೆ ರೇಡಿಯೊದ ಸ್ಪೀಕರಿನಿಂದ ಕಿತ್ತ ದಪ್ಪ ಅಯಸ್ಕಾಂತ ಕೂತಿತ್ತು. ಮಗ್ಗದ ಕುಣಿಯಲ್ಲಿ ಬಿದ್ದ ಸೂಜಿ ಹುಡುಕಲು ಇಟ್ಟುಕೊಂಡದ್ದು. ಮುಂಚೆ ಬಸ್ಸಿನಲ್ಲಿ ಬರುವಾಗ ಫ್ಲಾಪಿ ಡಬ್ಬಿಯೊಳಗೆ ಲಟಲಟ ಎನ್ನುತ್ತಿತ್ತಂತೆ. ಅಯಸ್ಕಾಂತ ಇಟ್ಟ ಮೇಲೆ ಕಚ್ಚಿಕೊಂಡು ಕೂತಿದೆಯಂತೆ, ಎತ್ತು ಹಿಂಗಾಲಲ್ಲಿ ಒದ್ದರೂ ಅಳ್ಳಾಡುವುದಿಲ್ಲವಂತೆ.

ಅಯಸ್ಕಾಂತ ಫ್ಲಾಪಿಯಲ್ಲಿರುವುದನ್ನೆಲ್ಲ ಅಳಿಸಿಬಿಡುತ್ತದೆಂದು ಅವಳು ಆದಷ್ಟು ಮೆತ್ತಗೆ ಹೇಳಿದಳು. ತಾತ ಡಬ್ಬಿಯಿಂದ ಅಯಸ್ಕಾಂತ ಕಿತ್ತು ಬೆಂಚಿನ ಮೇಲಿಟ್ಟ. ನವನೀತಾ ತಾನು ಅರ್ಧ ತಿಂದ ಬಿಸ್ಕೀಟನ್ನು ಅವನ ತೊಡೆಯ ಮೇಲಿಟ್ಟು ಬಂದಳು. ಆಮೇಲೆ ಅವನು ಶಿವರಂಜನಿಯ ಕುರ್ಚಿಯ ಹತ್ತಿರ ಬಂದು ದನಿ ತಗ್ಗಿಸಿದ.

"ಖರೇ ಹೇಳವ್ವಾ, ನಾ ಸಿಟ್ಟಾಗಂಗಿಲ್ಲ. ಇಷ್ಟು ವರ್ಷದಾಗ ಒಮ್ಮಿನಾರ ನನ್ನ ಕಣ್ಣು ತಪ್ಪಿಸಿ ಕಾಪಿ ಹೊಡಕೊಂಡಿದ್ದೇನು?"

"ಇಲ್ಲ ತಾತಾ. ಬ್ಯಾಡ ಅಂದಿದ್ರಲ್ಲ ನೀವು."

"ನಾ ಅಂತೀನಿ. ಅಂದಮಾತ್ರಕ್ಕ ಕೇಳಿಬಿಡೋದೇನು? ಇಷ್ಟು ನೇಮಸ್ತಳಾಗಿ ಅಂಗಡಿ ಹೆಂಗ ನಡಸ್ತೀ ನೀ?"

ಬೈಸಿಕೊಂಡ ಶಿವರಂಜನಿಗೆ ನಗು ಬಂತು, ತುಟಿ ಕಚ್ಚಿ ತಡೆದಳು. ಆ ಅಂಚಿನ ಸೀರೆ ಊರಲ್ಲಿ ಯಾರ ಹತ್ತಿರವಾದರೂ ಇದೆಯೇ ಎಂದಳು. ಇದ್ದರೆ ಅಂಚನ್ನು ದೊಡ್ಡದಾಗಿ ಫೋಟೊ ತೆಗೆದು, ಎಳೆ ಎಣಿಸಿ, ಎರಡು ದಿನ ಕೂತರೆ ಚೌಕುಳಿ ತುಂಬಿಬಿಡಬಹುದು. ತಾತನ ಮುಖ ಅರಳಿತು, ಮರುಗಳಿಗೆಯಲ್ಲೇ ಬಾಡಿತು. ಇರುವುದು ಒಂದೇ ಸೀರೆ, ಅದೂ ಹೆಂಡತಿ ಬುಚ್ಚಮ್ಮನ ಟ್ರಂಕಿನಲ್ಲಿ. ಕಾಗದ ಒಲೆಗೆ ಹಾಕಿದ ದಿನ ಅದನ್ನು ಬೆಂಕಿಯಿಂದ ಎಳೆಯಲು ಹೋಗಿ ಕೈ ಸುಟ್ಟುಕೊಂಡವಳು ಅವಳೇ. ಪ್ರತಿ ಯುಗಾದಿಗೂ ಅವನು ಮನೆಗೆ ಹೋಗಿ, ಗಿಣಿ ಕ್ಷೇಮವಾಗಿದೆ, ಸುಮ್ಮನೆ ಕೈ ಸುಟ್ಟುಕೊಂಡೆ ನೀನು ಎಂದು ಅವಳನ್ನು ಚುಡಾಯಿಸುತ್ತಾ ಬಂದಿದ್ದ. ಈಗ ಹೋಗಿ ಸೀರೆ ಕೇಳಿದರೆ ಕುಬಸಕ್ಕೆ ಬಂದವರಿಗೆಲ್ಲ ಎಲೆ ಅಡಿಕೆಯ ಜೊತೆಗೆ ಈ ಕಥೆಯೂ ಹಂಚಿಕೆಯಾಗುತ್ತದೆ.

ತಾತ ಫ್ಲಾಪಿಯನ್ನು ಜೇಬಿಗೂ ಅಯಸ್ಕಾಂತವನ್ನು ಡಬ್ಬಿಗೂ ಹಾಕಿಕೊಂಡು ಬಾಗಿಲ ತನಕ ಹೋದವನು ತಿರುಗಿ ಬಂದ.

"ಸಂಜಿಗೆ ನಮ್ಮನಿಗೆ ಬಾ ಅವ್ವಾ. ನನಗೂ ಇಂಥಾದೊಂದು ಸೀರಿ ಬೇಕು, ಅಂಚು ನೋಡ್ತೀನಿ ಅನ್ನು, ಬುಚ್ಚಿ ಖುಷಿಲೆ ತಗದು ತೋರಸ್ತಾಳ. ಫೋಟೊ ಹೊಡಕೊ. ಫ್ಲಾಪಿ ಸುದ್ದಿ ಮಾತ್ರ ಎತ್ತಬ್ಯಾಡ. ಮತ್ತ ನಕ್ಷಾ ಆದಮ್ಯಾಗ ಒಂದು ಕಾಪಿ ನಿನ್ನ ಕಂಪ್ಯೂಟರಿನ್ಯಾಗ ಇಟ್ಕೊ. ಆದರ ಇಟ್ಕೊಂಡೀನಿ ಅಂತ ನನಗ ಹೇಳಬ್ಯಾಡ. ಹೇಳಿದ್ರ ಅಳಿಸು ಅಂತೀನಿ, ನನ್ನ ಸ್ವಭಾವ ನನಗ ಗೊತ್ತೈತಿ."